ಮೂವತ್ತೊಂದನೇ ನಂಬರಿನ ಅಳತೆ

ಫೆಬ್ರವರಿ 9

ಚೂಟಿ,

ಎಲ್ಲರೂ ಚೆನ್ನಾಗಿದ್ದೇವೆ ಎಂದು ಬರೆದು ಶುರುಮಾಡುವ ಹಾಗಿಲ್ಲ, ಆದ್ದರಿಂದ ನೇರ ವಿಷಯಕ್ಕೆ ಬರುತ್ತೇನೆ. ಫೋನಿನಲ್ಲಿ ಹೇಳೋಣವೆಂದರೆ ನನ್ನ ಎಡಗಿವಿ ಮೊದಲೇ ಹೋಗಿತ್ತು, ಈಗ ಬಲಗಿವಿಯೂ ಹೊಲಿಗೆ ಮಷಿನ್ನುಗಳ ಸದ್ದಿಗೆ ಸೋತು ಕೈಚೆಲ್ಲಿದೆ. ಕಾಗದವೇ ವಾಸಿ. ಇದರಲ್ಲಿ ನೀನು ನನ್ನ ಮಾತಿಗೆ ನಡುವೆ ಬಾಯಿ ಹಾಕುವುದಕ್ಕೂ ಆಗುವುದಿಲ್ಲ.

ನಿನ್ನ ಮಾವನ ಲಿವರಿನಲ್ಲಿ ಗಡ್ಡೆ ಇದೆ. ಕ್ಯಾನ್ಸರ್ ಅಂತೆ. ಒಂದು ತಿಂಗಳಿಂದ ಅವನಿಗೆ ಗೊತ್ತಿತ್ತು, ನನಗೆ ಹೇಳಿದ್ದು ಮೊನ್ನೆ. ಅದೂ ಒಂದು ಬೋರ್ಡಿಗೆ ಬಣ್ಣ ಬಳಿಯುತ್ತಾ, ಮುಖ ಆ ಕಡೆ ಮಾಡಿಕೊಂಡು.

ಬಣ್ಣದಂಗಡಿಯವನು ನನ್ನೆದುರಿಗೇ, ಸ್ವಲ್ಪ ಜಾಸ್ತಿ ಕುಡಿಯುತ್ತಿದ್ದರೇನೋ ಎಂದ. ಇಡೀ ಜನ್ಮದಲ್ಲಿ ಒಂದು ತೊಟ್ಟು ಮುಟ್ಟದವನು ನನ್ನ ತಮ್ಮ. ಯಾವಾಗಲೋ ರಕ್ತಕ್ಕೆ ಸೇರಿಕೊಂಡ ಕಾಮಾಲೆಯ ವೈರಸ್ಸು ಇಪ್ಪತ್ತು ವರ್ಷ ಸದ್ದಿಲ್ಲದೆ ಕೂತು ಲಿವರನ್ನು ಗಟ್ಟಿ ಮಾಡಿಹಾಕಿದೆ ಎಂದು ಡಾಕ್ಟರು ಹೇಳಿದ್ದನ್ನು ಆ ಅಂಗಡಿಯವನಿಗೆ ಎರಡು ಸಲ ಬಿಡಿಸಿ ಹೇಳಿದೆ. ಮೂರನೇ ಸಲ ಕೈಯಲ್ಲಿ ಕತ್ತರಿ ಹಿಡಿದುಕೊಂಡೇ ಹೇಳಿದೆ. ಆಗ ಅರ್ಥವಾಯಿತು.

ಹೊಸ ಲಿವರ್ ಕಸಿ ಮಾಡಿದರೆ ಮಾತ್ರ ಉಳಿಯುತ್ತಾನೆ, ನಿಮ್ಮ ದೊಡ್ಡಾಸ್ಪತ್ರೆಯಲ್ಲಿ ಯಾರಿಗೆ ಮಾಡಬೇಕು, ಯಾರಿಗೆ ಬೇಡ ಎಂದು ಆರಿಸುವ ಸಮಿತಿ ಇದೆ ಎಂದರು ಇಲ್ಲಿನ ಡಾಕ್ಟರು. ನನ್ನ ಮಗಳು ಅದರಲ್ಲಿ ಕೂರುತ್ತಾಳೆ ಎಂದೆ. ಸುಳ್ಳೇಕೆ ಹೇಳಲಿ, ಅಂಥ ಹೊತ್ತಿನಲ್ಲೂ ಎದೆ ಉಬ್ಬಿತು. ಅವರು ಸ್ಕ್ಯಾನ್ ಫಿಲ್ಮನ್ನು ಬೆಳಕಿಗೆ ಹಿಡಿದು, ಗಡ್ಡೆ ಐದು ಪಾಯಿಂಟ್ ಆರು ಸೆಂಟಿಮೀಟರ್ ಇದೆ, ಐದು ದಾಟಿದರೆ ಪಟ್ಟಿಗೆ ಸೇರಿಸುವುದಿಲ್ಲ, ಕಷ್ಟ ಎಂದರು.

ಆರು ಮಿಲಿಮೀಟರ್ ಕಣೇ! ನಾನು ಬಟ್ಟೆಯ ಮೇಲೆ ಎಳೆಯುವ ಸೀಮೆಸುಣ್ಣದ ಗೆರೆ ಎರಡು ಪಕ್ಕಪಕ್ಕ ಇಟ್ಟರೆ ಅಷ್ಟಾಗುತ್ತದೆ. ಸ್ಕ್ಯಾನ್ ನೋಡಿ ಅಳತೆ ಹೇಳುವವಳು ನೀನೇ ಅಲ್ಲವೇ? ಗೆರೆಯ ಹೊರಗಿನಿಂದ ಅಳೆಯುವ ಬದಲು ಒಳಗಿನಿಂದ ಅಳೆದರೆ ಮುಗಿಯಿತು. ಅಷ್ಟಾದರೂ ಮಾಡು. ಬೇಕಿದ್ದರೆ ನನ್ನ ಲಿವರಿನಲ್ಲಿ ಅರ್ಧ ಕೊಯ್ದುಕೊಳ್ಳಲಿ, ನನಗೇನೂ ಅಡ್ಡಿಯಿಲ್ಲ.

ನಿನ್ನ ಅಪ್ಪ ಹೋದಾಗ ನಿನಗೆ ಎರಡು ವರ್ಷ. ಆಮೇಲೆ ನೀನು ಬೆಳೆದದ್ದು ಮಾವನ ಸೈಕಲ್ಲಿನ ಮೇಲೆ. ಮುಂದೆ ನೀನು, ಹಿಂದೆ ಬಣ್ಣದ ಡಬ್ಬಗಳು. ನೀನು ಅಕ್ಷರ ಕಲಿತದ್ದು ಶಾಲೆಯಲ್ಲಲ್ಲ, ಅವನು ಬರೆದ ಅಂಗಡಿ ಬೋರ್ಡುಗಳಲ್ಲಿ. ಇದನ್ನು ನಿನಗೆ ನೆನಪಿಸಲು ನನಗೇ ನಾಚಿಕೆಯಾಗುತ್ತದೆ. ಆದರೂ ನೆನಪಿಸುತ್ತಿದ್ದೇನೆ.

ನಿನ್ನ ಅಮ್ಮ


ಫೆಬ್ರವರಿ 17

ಅಮ್ಮಾ,

ನಿನ್ನ ಕಾಗದವನ್ನು ಸ್ಕ್ಯಾನ್ ಕೋಣೆಯ ಪಕ್ಕದ ಮೆಟ್ಟಿಲ ಮೇಲೆ ಕೂತು ಓದಿದೆ. ಅಳು ಬಂತು. ಅತ್ತು ಮುಗಿಸಿ, ಮುಖ ತೊಳೆದುಕೊಂಡು, ಮತ್ತೆ ಕೆಲಸಕ್ಕೆ ಹೋದೆ. ಉತ್ತರ ಬರೆಯಲು ನಾಲ್ಕು ದಿನ ಹಿಡಿಯಿತು.

ಅಳತೆ ಕಡಿಮೆ ಮಾಡಿ ಹೇಳುವುದು ನನ್ನಿಂದ ಆಗುವುದಿಲ್ಲ ಅಮ್ಮಾ. ಯಾಕೆಂದು ಹೇಳುತ್ತೇನೆ, ಪೂರ್ತಿ ಓದು.

ಒಂದೇ ಗಡ್ಡೆಯಿದ್ದರೆ ಐದು ಸೆಂಟಿಮೀಟರ್ ದಾಟಿರಬಾರದು. ಎರಡೋ ಮೂರೋ ಇದ್ದರೆ ಯಾವುದೂ ಮೂರು ದಾಟಿರಬಾರದು. ರಕ್ತನಾಳದೊಳಗೆ ಇಳಿದಿರಬಾರದು, ಲಿವರ್ ಬಿಟ್ಟು ಹೊರಗೆ ಹೋಗಿರಬಾರದು. ಇದು ಯಾರದೋ ಮೊಂಡುತನವಲ್ಲ. ಈ ಗೆರೆ ದಾಟಿದವರಿಗೆ ಹೊಸ ಲಿವರ್ ಹಾಕಿದರೆ ಅದರಲ್ಲೂ ಕ್ಯಾನ್ಸರ್ ಮರಳಿ ಬರುವುದು ಹೆಚ್ಚು. ಆ ಲಿವರ್ ಎಲ್ಲಿಂದ ಬರುತ್ತದೆ ಹೇಳು? ಯಾರೋ ಸತ್ತಿರುತ್ತಾರೆ, ಅವರ ಮನೆಯವರು ಅಳುತ್ತಲೇ ಸಹಿ ಹಾಕಿ ಕೊಟ್ಟಿರುತ್ತಾರೆ. ನಮ್ಮ ಪಟ್ಟಿಯಲ್ಲಿ ಈಗ ನಲವತ್ತಮೂರು ಜನ ಕಾಯುತ್ತಿದ್ದಾರೆ. ಕಳೆದ ತಿಂಗಳು ಬಂದದ್ದು ಎರಡು ಲಿವರ್.

ಪ್ರತಿ ಗುರುವಾರ ಬೆಳಿಗ್ಗೆ ಉದ್ದನೆಯ ಮೇಜಿನ ಸುತ್ತ ಏಳು ಜನ ಕೂರುತ್ತೇವೆ. ರೋಗಿಯ ಹೆಸರು ಮುಚ್ಚಿರುತ್ತೇವೆ, ನಂಬರ್ ಮಾತ್ರ ಕಾಣುತ್ತದೆ. ನಾನು ಐದು ಎಂದರೆ ಐದು. ಉಳಿದ ಆರು ಜನ ಮರುಪ್ರಶ್ನೆ ಹಾಕುವುದಿಲ್ಲ, ಅಷ್ಟು ನಂಬಿದ್ದಾರೆ. ಅದಕ್ಕೇ ಆಗುವುದಿಲ್ಲ ಎಂದದ್ದು.

ನಿನ್ನ ಲಿವರ್ ಬೇಡ, ನಿನಗೆ ಅರವತ್ತಾರು. ನನ್ನ ರಕ್ತದ ಗುಂಪು ಮಾವನಿಗೆ ಹೊಂದುವುದಿಲ್ಲ, ನೋಡಿಸಿದೆ. ಕೊಡುವವರು ಯಾರೇ ಆದರೂ ನಮ್ಮಲ್ಲಿ ಗೆರೆ ಒಂದೇ.

ಆದರೆ ದಾರಿ ಮುಚ್ಚಿಲ್ಲ. ಗಡ್ಡೆಗೆ ರಕ್ತ ಒಯ್ಯುವ ನಾಳದೊಳಗೆ ಸಣ್ಣ ಕೊಳವೆ ತೂರಿಸಿ, ಔಷಧಿ ಬಿಟ್ಟು, ಆ ನಾಳವನ್ನೇ ಕಟ್ಟಿಬಿಡುತ್ತಾರೆ. ಗಡ್ಡೆ ಹಸಿದು ಸಾಯುತ್ತದೆ. ಆಮೇಲೆ ಮೂರು ತಿಂಗಳು ಕಾಯಬೇಕು. ಗೆರೆಯೊಳಗೆ ಬಂದು ಅಲ್ಲೇ ನಿಂತಿದ್ದರೆ ಸಮಿತಿಯ ಮುಂದೆ ಇಡಬಹುದು. ಏಪ್ರಿಲ್ ಮೊದಲ ವಾರ ಮಾವನನ್ನು ಕಳುಹಿಸು. ಇವನು ನನ್ನ ಮಾವ ಎಂದು ನಮ್ಮ ಮುಖ್ಯಸ್ಥರಿಗೆ ಹೇಳಿಬಿಟ್ಟಿದ್ದೇನೆ. ಅವನ ಫಿಲ್ಮ್ ನಾನು ಓದುವ ಹಾಗಿಲ್ಲ. ನನಗಿಂತ ಹಿರಿಯರೊಬ್ಬರಿದ್ದಾರೆ, ಅವರು ಓದುತ್ತಾರೆ.

ನನ್ನ ಮೇಲೆ ಕೋಪ ಬಂದರೆ ಬರಲಿ, ಬೈದು ಬರೆ. ಬರೆಯದೆ ಮಾತ್ರ ಇರಬೇಡ.

ನಿನ್ನ ಚೂಟಿ


ಫೆಬ್ರವರಿ 25

ಡಾಕ್ಟರಿಗೆ,

ತಮ್ಮ ಪತ್ರ ತಲುಪಿತು. ನಿಯಮಗಳು ತಿಳಿದವು. ರೋಗಿಯನ್ನು ಏಪ್ರಿಲ್ ಮೊದಲ ವಾರ ಕಳುಹಿಸಿಕೊಡಲಾಗುವುದು.

ಇಂತಿ,
ಹೆಡ್ ಕಟ್ಟರ್,
ಶಾಲಾ ಯೂನಿಫಾರ್ಮ್ ಅಂಗಡಿ


ಏಪ್ರಿಲ್ 11

ಅಮ್ಮಾ,

ನಿನ್ನ ಆ 'ಡಾಕ್ಟರಿಗೆ' ಕಾಗದ ಬಂದಮೇಲೆ ಎರಡು ಕಾಗದ ಬರೆದೆ, ನೀನು ಉತ್ತರಿಸಲಿಲ್ಲ. ಇದು ಮೂರನೆಯದು.

ಮಾವ ಬಂದ, ಚಿಕಿತ್ಸೆ ಆಯಿತು. ಎರಡು ದಿನ ಜ್ವರ, ಹೊಟ್ಟೆನೋವು. ಮೂರನೇ ದಿನ ಎದ್ದು ಕೂತವನೇ ವಾರ್ಡಿನ ಬಾಗಿಲ ಮೇಲಿನ ಬೋರ್ಡ್ ನೋಡಿ, ಇದನ್ನು ಬರೆದವನಿಗೆ ಎರಡು ಅಕ್ಷರದ ನಡುವೆ ಜಾಗ ಬಿಡಬೇಕೆಂದು ಯಾರೂ ಹೇಳಿಕೊಡಲಿಲ್ಲವೇ ಎಂದು ನರ್ಸಮ್ಮನನ್ನು ಕೇಳಿದ. ಆಕೆ ಹದಿನಾಲ್ಕು ವರ್ಷದಿಂದ ಅದರ ಕೆಳಗೆ ಓಡಾಡುತ್ತಿದ್ದಾರೆ, ಒಮ್ಮೆಯೂ ಗಮನಿಸಿರಲಿಲ್ಲವಂತೆ. ಈಗ ಹೋಗುವಾಗ ಬರುವಾಗ ಅದೇ ಕಣ್ಣಿಗೆ ಬೀಳುತ್ತದೆ ಎಂದು ಅವನನ್ನು ಗದರುತ್ತಾರೆ.

ನೀನು ಅವನ ಜೊತೆ ಕಳುಹಿಸಿದ ಚೀಲ ತೆರೆದೆ. ಕಾಗದ ಇದ್ದೀತೆಂದು ತಳದವರೆಗೂ ಹುಡುಕಿದೆ. ನಾಲ್ಕು ಪೈಜಾಮ ಇದ್ದವು. ಇಳಿದುಹೋದ ಅವನ ಸೊಂಟಕ್ಕೆ ಸರಿಯಾಗಿ ಹಿಡಿಸಿ ಹೊಲಿದಿದ್ದೀಯ. ಅಳತೆ ಕೊಟ್ಟೆಯಾ ಎಂದರೆ ಇಲ್ಲ, ಬರೀ ಕಣ್ಣಲ್ಲಿ ನೋಡಿ ಹೊಲಿದಳು ಎಂದ. ಕೋಪ ಬಂದಾಗ ಅಕ್ಕನ ಹೊಲಿಗೆ ಇನ್ನೂ ನೆಟ್ಟಗೆ ಬರುತ್ತದೆಯಂತೆ.

ನಿನ್ನೆ ಬಸ್ಸು ಹತ್ತಿಸುವಾಗ ಅವನು ಹೇಳಿದ್ದನ್ನು ಹಾಗೇ ಬರೆಯುತ್ತೇನೆ. "ನನ್ನ ವಿಷ್ಯಕ್ಕೆ ನೀನು ಕೈ ಹಾಕ್ಬೇಡ ಕಣೇ. ನೆಟ್ಟಗೆ ಬಂದ್ರೆ ಬರ್ಲಿ. ಸೊಟ್ಟಗೆ ಬರೆದ ಬೋರ್ಡ್ ಕೆಳಗೆ ನಾನು ಯಾವತ್ತೂ ನಿಂತಿಲ್ಲ." ಬಸ್ಸು ಹೊರಟಮೇಲೆ ವಾರ್ಡಿಗೆ ವಾಪಸ್ ಹೋಗಿ ಆ ಬಾಗಿಲ ಮೇಲಿನ ಬೋರ್ಡನ್ನು ಮತ್ತೊಮ್ಮೆ ನೋಡಿದೆ.

ನಿನ್ನ ಚೂಟಿ


ಜೂನ್ 2

ಚೂಟಿ,

ಕೋಪ ಇಳಿದಿಲ್ಲ. ಆದರೆ ಇದನ್ನು ನಿನಗಲ್ಲದೆ ಇನ್ನಾರಿಗೆ ಹೇಳಲಿ?

ಮೊನ್ನೆ ನಿನ್ನ ಮಾವ ಬೇಕರಿಯ ಬೋರ್ಡ್ ಬರೆಯಲು ಏಣಿ ಹತ್ತಿದ್ದಾನೆ. ಒಪ್ಪಿಕೊಂಡ ಕೆಲಸವಂತೆ. ಅಂಗಡಿಯ ಹೆಂಗಸರು ಓಡಿಬಂದು ಹೇಳಿದರು, ನಾನು ಕತ್ತರಿ ಬಿಟ್ಟು ಓಡಿದೆ. ಹಿಂದೆ ಅದೇ ಏಣಿಯಿಂದ ಬಿದ್ದು ಬಲಗಡೆಯ ಮೂರು ಪಕ್ಕೆಲುಬು ಮುರಿದುಕೊಂಡು, ಆಸ್ಪತ್ರೆಗೂ ಹೋಗದೆ, ಅವು ಸೊಟ್ಟಸೊಟ್ಟಗೆ ತಾವಾಗಿಯೇ ಕೂಡಿಕೊಂಡದ್ದು ಸಾಲದೇ ಅವನಿಗೆ? ಇಳಿ ಎಂದೆ. ಇನ್ನೊಂದೇ ಅಕ್ಷರ ಎಂದ. ಏನು ಮಾಡಲಿ, ಆ ಅಕ್ಷರ ಮುಗಿಯುವವರೆಗೂ ಕೆಳಗೆ ಏಣಿ ಹಿಡಿದು ನಿಂತೆ. ಹಸಿರು ಬಣ್ಣ ನನ್ನ ತಲೆಯ ಮೇಲೆಲ್ಲ ಬಿತ್ತು.

ಬೋರ್ಡ್ ಚೆನ್ನಾಗಿ ಬಂದಿದೆ. ರಸ್ತೆಯ ಆಚೆಯಿಂದ, ಕನ್ನಡಕ ಇಲ್ಲದೆ ನನಗೇ ಓದಲು ಬಂತು. ಬಣ್ಣದಂಗಡಿಯವನನ್ನು ಕರೆದು ತೋರಿಸಿದೆ. ಕೈ ನಡುಗುವ ಕುಡುಕ ಬರೆಯುವ ಅಕ್ಷರವೇ ಇದು ಎಂದು ಕೇಳಿದೆ. ತಲೆ ತಗ್ಗಿಸಿಕೊಂಡು ಹೋದ.

ಜುಲೈ ಹದಿನಾಲ್ಕಕ್ಕೆ ಸ್ಕ್ಯಾನಿಗೆ ಬರುತ್ತಾನೆ. ನಾನು ನಿನ್ನನ್ನು ಏನೂ ಕೇಳುವುದಿಲ್ಲ. ಒಂದೇ ಒಂದು ತಿಳಿಸು. ಆ ಹಿರಿಯರಿಗೆ ಕಣ್ಣು ಚೆನ್ನಾಗಿ ಕಾಣುತ್ತದೆ ತಾನೇ?

ಅಮ್ಮ


ಜುಲೈ 17

ಅಮ್ಮಾ,

ಇವತ್ತು ಸಮಿತಿ ಕೂತಿತ್ತು. ಮಾವ ಪಟ್ಟಿಗೆ ಸೇರಲಿಲ್ಲ. ಅಳತೆ ಐದು ಪಾಯಿಂಟ್ ಎರಡು ಎಂದು ಬಂತು. ಇನ್ನೊಮ್ಮೆ ನಾಳ ಕಟ್ಟುವ ಚಿಕಿತ್ಸೆ ಮಾಡಿದರೆ ಲಿವರಿನ ಉಳಿದ ಭಾಗ ತಡೆದುಕೊಳ್ಳುವುದು ಕಷ್ಟ ಎಂದರು. ಮನೆಗೆ ಕಳುಹಿಸಿ, ಮಾತ್ರೆ ಕೊಟ್ಟು, ಆದಷ್ಟು ದಿನ ನೋಡಿಕೊಳ್ಳುವುದೆಂದು ತೀರ್ಮಾನವಾಯಿತು.

ಮಾವನಿಗೆ ಫೋನ್ ಮಾಡಿ ನಾನೇ ಹೇಳಿದೆ. ಸರಿ ಬಿಡು ಎಂದ. ಊಟ ಆಯಿತಾ ಎಂದು ಕೇಳಿದ. ನಿನಗೆ ಅವನು ಹೇಳುವುದಿಲ್ಲ ಎಂದು ಗೊತ್ತು, ಅದಕ್ಕೇ ಬರೆಯುತ್ತಿದ್ದೇನೆ. ಇನ್ನು ಬರೆಯಲಾರೆ.

ಚೂಟಿ


ಜುಲೈ 21

ಅಮ್ಮಾ,

ಹಿಂದಿನ ಕಾಗದದಲ್ಲಿ ಅಳತೆ ಐದು ಪಾಯಿಂಟ್ ಎರಡು ಎಂದು ಬಂತು ಎಂದು ಬರೆದಿದ್ದೆ. ಅದು ತಾನಾಗಿ ಬಂದದ್ದಲ್ಲ. ಅಳೆದವಳು ನಾನು. ತಪ್ಪಾಗಿ ಅಳೆದೆ. ಮೊದಲಿನಿಂದ ಹೇಳುತ್ತೇನೆ.

ನೀನು ಹಿರಿಯರ ಕಣ್ಣಿನ ಬಗ್ಗೆ ಕೇಳಿದ್ದೆ. ಅವರಿಗೆ ಪೊರೆ ಬಂದಿತ್ತು. ಎರಡು ವಾರ ರಜೆ ಹಾಕಿ ಆಪರೇಷನ್ ಮಾಡಿಸಿಕೊಳ್ಳಲು ಹೋದರು. ಆ ವಾರದ ಫಿಲ್ಮುಗಳೆಲ್ಲ ನನ್ನ ಮೇಜಿಗೆ ಬಂದವು, ಹೆಸರಿಲ್ಲದೆ, ನಂಬರಿನೊಂದಿಗೆ. ಮಾವನದನ್ನು ಬೇರೆಯಾಗಿ ತೆಗೆದಿಟ್ಟಿರುತ್ತಾರೆ ಎಂದುಕೊಂಡಿದ್ದೆ, ತೆಗೆದಿಟ್ಟಿರಲಿಲ್ಲ. ಮೂವತ್ತೊಂದನೇ ನಂಬರ್ ತೆರೆದೆ. ಲಿವರ್ ನೋಡುವ ಮೊದಲೇ ಪಕ್ಕೆಲುಬು ಕಂಡಿತು. ಬಲಗಡೆ ಮೂರು, ಮುರಿದು ಸೊಟ್ಟಗೆ ಕೂಡಿಕೊಂಡವು. ಇಂಥ ಪಕ್ಕೆಲುಬು ಊರಲ್ಲಿ ಇನ್ನಾರಿಗೂ ಇಲ್ಲ.

ಆ ಕ್ಷಣಕ್ಕೆ ಅದನ್ನು ಮುಚ್ಚಿ, ಇದು ನನ್ನ ಮಾವನದು, ಹಿರಿಯರು ಬರಲಿ ಎಂದು ಪಕ್ಕಕ್ಕಿಡಬೇಕಿತ್ತು. ಎರಡು ವಾರ ತಡವಾಗುತ್ತಿತ್ತು, ಅಷ್ಟೆ. ನಾನು ಇಡಲಿಲ್ಲ. ಯಾಕೆಂದರೆ ನನಗೆ ಜಂಬ. ನನ್ನವರ ಫಿಲ್ಮ್ ಬಂದರೂ ನನ್ನ ಕೈ ನಡುಗುವುದಿಲ್ಲ ಎಂದು ನನಗೇ ತೋರಿಸಿಕೊಳ್ಳಬೇಕಿತ್ತು.

ಔಷಧಿ ಕೊಟ್ಟು ನಾಳ ಕಟ್ಟಿದ ಮೇಲೆ ಗಡ್ಡೆಯಲ್ಲಿ ಸತ್ತ ಭಾಗ, ಬದುಕಿರುವ ಭಾಗ ಎಂದು ಎರಡಾಗುತ್ತದೆ. ರಕ್ತಕ್ಕೆ ಬಣ್ಣದ ಮದ್ದು ಬಿಟ್ಟು ಸ್ಕ್ಯಾನ್ ಮಾಡಿದರೆ ಬದುಕಿರುವುದು ಬೆಳಗುತ್ತದೆ, ಸತ್ತದ್ದು ಕಪ್ಪಗೇ ಇರುತ್ತದೆ. ಬೆಳಗುವುದನ್ನು ಮಾತ್ರ ಅಳೆಯಬೇಕು. ಇದು ಈ ಕೆಲಸದ ಮೊದಲ ಪಾಠ, ವಾರಕ್ಕೆ ಎರಡು ಮೂರು ಸಲ ಮಾಡುತ್ತೇನೆ. ಆದರೆ ಮೂವತ್ತೊಂದನೇ ನಂಬರನ್ನು ಈ ತುದಿಯಿಂದ ಆ ತುದಿಗೆ, ಸತ್ತದ್ದನ್ನೂ ಸೇರಿಸಿ ಅಳೆದೆ. ಎಲ್ಲಿ ಕಡಿಮೆ ಅಳೆದುಬಿಡುತ್ತೇನೋ ಎಂಬ ಭಯ ಒಂದೇ ತಲೆಯಲ್ಲಿತ್ತು, ಪಾಠ ಮರೆತೇಹೋಗಿತ್ತು. ಗುರುವಾರ ಆರು ಜನರ ಮುಂದೆ ಐದು ಪಾಯಿಂಟ್ ಎರಡು ಎಂದು ಓದಿದೆ. ದನಿ ಗಟ್ಟಿಯಾಗಿ ಬಂತು. ಆ ದನಿಯ ಬಗ್ಗೆ ನನಗೆ ಹೆಮ್ಮೆಯೂ ಆಯಿತು ಅಮ್ಮಾ.

ಶುಕ್ರವಾರ ಬೆಳಿಗ್ಗೆ ಬೇರೊಬ್ಬರ ಫಿಲ್ಮ್. ಅವರಿಗೂ ಅದೇ ಚಿಕಿತ್ಸೆ ಆಗಿತ್ತು. ಅಭ್ಯಾಸಬಲದಿಂದ ಬೆಳಗುವ ಭಾಗವನ್ನಷ್ಟೇ ಅಳೆದು ಬರೆದೆ. ಬರೆಯುತ್ತಿದ್ದ ಕೈ ಅಲ್ಲೇ ನಿಂತಿತು. ಮೂವತ್ತೊಂದನ್ನು ಮತ್ತೆ ತೆರೆದೆ. ಬದುಕಿರುವ ಭಾಗ ಎರಡು ಪಾಯಿಂಟ್ ಒಂದು. ನೀನು ಆರು ಮಿಲಿಮೀಟರ್ ಕಡಿಮೆ ಮಾಡು ಎಂದು ಕೇಳಿದ್ದೆ. ನಾನು ಮೂರು ಸೆಂಟಿಮೀಟರ್ ಹೆಚ್ಚು ಮಾಡಿ ಅವನನ್ನು ಸಾಯಲು ಮನೆಗೆ ಕಳುಹಿಸಿದ್ದೆ.

ಮುಖ್ಯಸ್ಥರ ಕೋಣೆಗೆ ಹೋಗಿ ಎಲ್ಲ ಹೇಳಿದೆ. ಅವರು ಒಳ್ಳೆಯವರು, ನನ್ನನ್ನು ಉಳಿಸಲು ನೋಡಿದರು. ಹಿರಿಯರು ಬಂದಮೇಲೆ ಮತ್ತೊಮ್ಮೆ ಓದಿಸೋಣ, ಹೊಸ ಅಳತೆ ಬಂತು ಎಂದು ಮುಂದಿಡೋಣ, ನಿಮ್ಮ ಹೆಸರು ಎತ್ತುವ ಅಗತ್ಯವಿಲ್ಲ ಎಂದರು. ಹತ್ತು ನಿಮಿಷ ಆಸೆಯಾಯಿತು. ಆಮೇಲೆ ಬೇಡ ಎಂದೆ. ಒಂದು ಸಲ ಹೀಗೆ ಅಳೆದವಳು ಬೇರೆಯವರದ್ದನ್ನು ಹೇಗೆ ಅಳೆದಿದ್ದಾಳೋ ಎಂದು ಯಾರಾದರೂ ನೋಡಬೇಕಲ್ಲ. ಅದು ಗೊತ್ತಾಗಬೇಕಾದರೆ ಇದು ಗೊತ್ತಾಗಲೇಬೇಕು.

ಶನಿವಾರ ಎಲ್ಲರನ್ನೂ ಸೇರಿಸಿದರು. ಎದ್ದು ನಿಂತೆ. "ಮೂವತ್ತೊಂದು ನನ್ನ ಸೋದರಮಾವ. ಗೊತ್ತಿದ್ದೂ ನಾನೇ ಓದಿದೆ. ತಪ್ಪು ಓದಿದೆ," ಎಂದೆ. ಈ ಸಲ ದನಿ ಗಟ್ಟಿಯಾಗಿ ಬರಲಿಲ್ಲ. ನನ್ನನ್ನು ಸಮಿತಿಯಿಂದ ತೆಗೆದಿದ್ದಾರೆ. ಕಳೆದ ಆರು ತಿಂಗಳಲ್ಲಿ ನಾನು ಕೊಟ್ಟ ಅಳತೆಗಳನ್ನೆಲ್ಲ ಬೇರೆಯವರು ಮತ್ತೆ ಓದುತ್ತಾರೆ. ಮಾವನ ಫಿಲ್ಮನ್ನು ಹಿರಿಯರು ಒಮ್ಮೆ, ಇನ್ನೊಂದು ಆಸ್ಪತ್ರೆಯವರು ಒಮ್ಮೆ ಓದುತ್ತಾರೆ. ಏನು ಬರುತ್ತದೋ ಗೊತ್ತಿಲ್ಲ. ನನ್ನ ಎರಡು ಪಾಯಿಂಟ್ ಒಂದನ್ನೂ ಈಗ ಯಾರೂ ನಂಬಬೇಕಾಗಿಲ್ಲ.

ನಿನಗೆ ಮುಖ ತೋರಿಸಲು ನಾಚಿಕೆಯಾಗುತ್ತಿದೆ. ಕಾಗದವಾದ್ದರಿಂದ ಬಚಾವಾದೆ.

ಚೂಟಿ


ಜುಲೈ 27

ನನ್ನ ಚೂಟಿ,

ಮೊದಲು ಬೈದುಬಿಡುತ್ತೇನೆ, ಆಮೇಲೆ ಉಳಿದದ್ದು. ಬುದ್ಧಿ ಇದೆಯೇನೇ ನಿನಗೆ? ಪಕ್ಕೆಲುಬು ಕಂಡ ಕೂಡಲೇ ಮುಚ್ಚಿಡುವುದಕ್ಕೆ ಏನಾಗಿತ್ತು ದಾಡಿ? ಹದಿನೇಳರ ಕಾಗದ ಬಂದ ದಿನ ನಾನು ಅಂಗಡಿಗೆ ಹೋಗಲಿಲ್ಲ. ನಿನ್ನ ಮಾವನ ಎದುರು ಅಳಬಾರದೆಂದು ಹಿತ್ತಿಲಿನಲ್ಲಿ ಬಟ್ಟೆ ಒಗೆಯುತ್ತಾ ಕೂತಿದ್ದೆ, ಒಗೆದದ್ದನ್ನೇ ಒಗೆದೆ. ಆ ನಾಲ್ಕು ದಿನವನ್ನು ನಿನ್ನ ಲೆಕ್ಕಕ್ಕೇ ಬರೆದಿದ್ದೇನೆ. ಬೈದಾಯಿತು.

ಈಗ ನಾನು ಹೇಳುವುದನ್ನು ಓದಿ ಈ ಕಾಗದ ಹರಿದುಹಾಕು, ಅಥವಾ ಇಟ್ಟುಕೋ, ನಿನ್ನಿಷ್ಟ.

ನಿನಗೆ ಆಗ ಐದು ವರ್ಷ. ನಾನು ಹಳೆಯ ಅಂಗಡಿಯಲ್ಲಿ ಕಟಿಂಗಿಗೆ ಹೊಸದಾಗಿ ಸೇರಿದ್ದೆ. ನಮ್ಮಲ್ಲಿ ಬಟ್ಟೆಯನ್ನು ಒಂದರ ಮೇಲೊಂದು ನಲವತ್ತು ಪದರ ಹಾಸಿ ಒಟ್ಟಿಗೆ ಕತ್ತರಿಸುತ್ತಾರೆ, ನಿನಗೆ ಗೊತ್ತು. ಕೈ ತಪ್ಪಿದರೆ ತಪ್ಪುವುದು ಒಂದಲ್ಲ, ನಲವತ್ತು. ಒಂದು ದಿನ ದೊಡ್ಡ ಮಕ್ಕಳ ಅಂಗಿಗೆ ಚಿಕ್ಕ ಮಕ್ಕಳ ತೋಳಿನ ಅಳತೆಯ ರಟ್ಟು ಇಟ್ಟು ಕತ್ತರಿಸಿಬಿಟ್ಟೆ. ಕತ್ತರಿಸಿದ ಮೇಲೆ ಗೊತ್ತಾಯಿತು. ಸುತ್ತ ನೋಡಿದೆ, ಯಾರೂ ಕಂಡಿರಲಿಲ್ಲ. ಆ ರಟ್ಟನ್ನು ಮೊಳೆಗೆ ನೇತುಹಾಕಿ, ಸರಿಯಾದದ್ದನ್ನು ತಂದು ಮೇಜಿನ ಮೇಲಿಟ್ಟೆ. ಮೇಸ್ತ್ರಿ ಬಂದು ತೋಳು ಗಿಡ್ಡ ಆಗಿರುವುದನ್ನು ನೋಡಿ, ರಟ್ಟು ಸರಿಯಿದೆ, ಹಾಗಾದರೆ ಬಟ್ಟೆ ಎಳೆದು ಹಾಸಿರಬೇಕು, ಕತ್ತರಿಸಿದ ಮೇಲೆ ಕುಗ್ಗಿದೆ ಎಂದು ಹಾಸುವವಳನ್ನು ಹಿಡಿದ. ಅವಳು ಸರಿಯಾಗಿಯೇ ಹಾಸಿದ್ದೆ ಎಂದಳು. ನನ್ನ ಮುಖ ನೋಡಿದಳು. ನಾನು ಸೀಮೆಸುಣ್ಣ ಚೂಪು ಮಾಡುತ್ತಾ ಇದ್ದೆ. ಅವಳನ್ನು ಅವತ್ತೇ ಕಳುಹಿಸಿಬಿಟ್ಟರು. ದಿನಾ ನನ್ನ ಪಕ್ಕ ಕೂತು ಉಣ್ಣುತ್ತಿದ್ದವಳು ಅವಳು.

ಮೂವತ್ತೊಂದು ವರ್ಷವಾಯಿತು. ನಿನ್ನ ಮಾವನಿಗೂ ಹೇಳಿಲ್ಲ. ಆಮೇಲೆ ಒಂದು ರಟ್ಟನ್ನೂ ಎರಡು ಸಲ ನೋಡದೆ ಇಟ್ಟಿಲ್ಲ, ಅದಕ್ಕೇ ನನ್ನನ್ನು ಹೆಡ್ ಕಟ್ಟರ್ ಮಾಡಿದರು. ಎಲ್ಲರೂ ನನ್ನ ಕೈಯನ್ನು ಹೊಗಳುತ್ತಾರೆ. ಹೊಗಳಿದಾಗಲೆಲ್ಲ ಅವಳ ಮುಖ ಕಣ್ಣ ಮುಂದೆ ಬರುತ್ತದೆ. ಫೆಬ್ರವರಿಯಲ್ಲಿ ನಿನಗೆ ಗೆರೆಯ ಒಳಗಿನಿಂದ ಅಳೆ ಎಂದು ಬರೆದಳಲ್ಲ ಈ ನಿನ್ನ ಅಮ್ಮ, ಅವಳು ಆ ದಿನ ಸೀಮೆಸುಣ್ಣ ಚೂಪು ಮಾಡುತ್ತಿದ್ದವಳೇ.

ನೀನು ಹಾಗೆ ಮಾಡಲಿಲ್ಲ. ಯಾರೂ ಕಂಡಿರಲಿಲ್ಲ. ಮುಚ್ಚಿಡೋಣ ಎಂದು ಮೇಲಿನವರೇ ಹೇಳಿದರು. ಆದರೂ ಆರು ಜನರ ಎದುರು ಎದ್ದು ನಿಂತು, ತಪ್ಪು ನನ್ನದು ಎಂದೆ. ನಾಚಿಕೆಯಂತೆ ನಾಚಿಕೆ! ನಿನ್ನನ್ನು ಹೆತ್ತದ್ದಕ್ಕೆ ನನಗೆ ಎಷ್ಟು ಹೆಮ್ಮೆಯಾಗುತ್ತಿದೆ ಎಂದು ಹೇಗೆ ಬರೆಯಲಿ? ಡಾಕ್ಟರ್ ಪರೀಕ್ಷೆ ಪಾಸಾದ ದಿನವೂ ಇಷ್ಟಾಗಿರಲಿಲ್ಲ. ಇದನ್ನು ನನ್ನಿಂದ ಕಲಿತಳು ಎಂದು ಹೇಳಿಕೊಳ್ಳುವ ಹಾಗಿಲ್ಲ, ಅದೊಂದೇ ಕೊರತೆ. ಇದು ನಿನ್ನದೇ ಸ್ವಂತ.

ಎರಡನೇ ಓದಿನಲ್ಲಿ ಏನು ಬಂದರೂ ನಾನು ಒಪ್ಪುತ್ತೇನೆ. ನಿನ್ನ ಮಾವನಿಗೆ ನಿನ್ನ ಕಾಗದ ಓದಿ ಹೇಳಿದೆ. ಅವನು ಕಣ್ಣೊರೆಸಿಕೊಂಡು, ತನ್ನ ಪಕ್ಕೆಲುಬು ಮುಟ್ಟಿ ನೋಡಿಕೊಂಡು ನಕ್ಕ.

ಬಟ್ಟೆ ಹಾಸುತ್ತಿದ್ದವಳು ಈಗ ಎಲ್ಲಿದ್ದಾಳೆ ಎಂದು ವಿಚಾರಿಸುತ್ತಿದ್ದೇನೆ.

ನಿನ್ನ ಅಮ್ಮ


ಆಗಸ್ಟ್ 19

ಅಮ್ಮಾ,

ಹಿರಿಯರು ಹೊಸ ಕಣ್ಣಿನಿಂದ ಓದಿದರು, ಎರಡು ಪಾಯಿಂಟ್ ಎರಡು. ಇನ್ನೊಂದು ಆಸ್ಪತ್ರೆಯವರು ಓದಿದರು, ಎರಡು ಪಾಯಿಂಟ್ ಒಂದು. ಇಬ್ಬರಿಗೂ ಇನ್ನೊಬ್ಬರು ಏನೆಂದರೆಂದು ಗೊತ್ತಿರಲಿಲ್ಲ. ರಕ್ತಪರೀಕ್ಷೆಯೂ ಚೆನ್ನಾಗಿದೆ, ರೋಗ ಎಲ್ಲಿಗೂ ಹರಡಿಲ್ಲ. ಮಾವನನ್ನು ಪಟ್ಟಿಗೆ ಸೇರಿಸಿದ್ದಾರೆ. ಸಮಿತಿ ಕೂತಾಗ ನಾನು ಒಳಗಿರಲಿಲ್ಲ, ಇರಬೇಕಾಗಿಯೂ ಇರಲಿಲ್ಲ. ನೆಟ್ಟಗೆ ಬಂತು ಎಂದು ಅವನಿಗೆ ಹೇಳು.

ನಾನು ಕೊಟ್ಟಿದ್ದ ಉಳಿದ ಅರವತ್ತನಾಲ್ಕು ಅಳತೆಗಳನ್ನೂ ಮತ್ತೆ ಓದಿದರು. ಯಾರಿಗೂ ಅನ್ಯಾಯವಾಗಿಲ್ಲ. ಅದನ್ನು ಕೇಳಿದ ಮೇಲೆ ನಾನು ಸರಿಯಾಗಿ ಊಟ ಮಾಡಿದೆ.

ನನ್ನನ್ನು ಆಸ್ಪತ್ರೆಯ ಶಾಖೆಗೆ ಹಾಕಿದ್ದಾರೆ, ಇಲ್ಲಿಂದ ನಾಲ್ಕು ಗಂಟೆಯ ದಾರಿ. ಅಲ್ಲಿ ಮುರಿದ ಮಣಿಕಟ್ಟು, ಕೆಮ್ಮಿನವರ ಎದೆಯ ಎಕ್ಸ್‌ರೇ ನೋಡುವುದು. ಗುರುವಾರ ಬೆಳಿಗ್ಗೆಯಾದರೆ ಆ ಮೇಜಿನ ನೆನಪು ಬರುತ್ತದೆ. ಮತ್ತೆ ಕರೆಯುತ್ತಾರೋ ಇಲ್ಲವೋ ಗೊತ್ತಿಲ್ಲ. ನಿನ್ನ ಕಾಗದ ಹರಿದಿಲ್ಲ. ಮತ್ತೆ ಮತ್ತೆ ಓದುತ್ತೇನೆ.

ನಿನ್ನ ಚೂಟಿ


ನವೆಂಬರ್ 30

ಡಾಕ್ಟರಮ್ಮಾ,

ಅಕ್ಷರ ಅಡ್ಡಾದಿಡ್ಡಿ ಇವೆ, ನಗಬೇಡ. ಹದಿನೆಂಟು ದಿನದಲ್ಲಿ ಮೊದಲ ಸಲ ಪೆನ್ನು ಹಿಡಿದಿದ್ದೇನೆ. ನಿನ್ನನ್ನು ಕಿಟಕಿಯ ಗಾಜಿನಾಚೆಯಿಂದ ನೋಡಿದ್ದು ನೆನಪಿದೆ, ಮಾತಾಡಿದ್ದು ನೆನಪಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಹನ್ನೆರಡನೇ ತಾರೀಕು ಮಧ್ಯಾಹ್ನ ಕುಂಚ ತೊಳೆಯುತ್ತಿದ್ದೆ, ಫೋನ್ ಬಂತು. ಲಿವರ್ ಸಿಕ್ಕಿದೆ, ತಕ್ಷಣ ಹೊರಡಿ ಎಂದರು. ಕುಂಚವನ್ನು ನೀರಿನಲ್ಲೇ ಬಿಟ್ಟು ಬಂದೆ, ಅದು ಹಾಳಾಗಿರುತ್ತದೆ. ಯಾರ ಲಿವರೆಂದು ಹೇಳುವುದಿಲ್ಲವಂತೆ. ಅವರ ಹೆಸರಿನಲ್ಲಿ ಒಂದು ಬೋರ್ಡ್ ಬರೆದುಕೊಡೋಣವೆಂದರೆ ಹೆಸರೇ ಗೊತ್ತಿಲ್ಲ. ಇಷ್ಟು ವರ್ಷದಲ್ಲಿ ಬರೆಯಬೇಕೆನಿಸಿಯೂ ಬರೆಯಲಾಗದ ಬೋರ್ಡ್ ಅದೊಂದೇ.

ಈಗ ಚೆನ್ನಾಗಿದ್ದೇನೆ. ಬ್ರೆಡ್ಡು, ಸೂಪು ಸೇರುತ್ತದೆ. ಕಣ್ಣಿನ ಹಳದಿ ಹೋಯಿತು. ತೆಗೆದ ಹಳೆಯ ಲಿವರನ್ನು ಕೊಯ್ದು ನೋಡಿದರಂತೆ. ಗಡ್ಡೆಯಲ್ಲಿ ಜೀವ ಇದ್ದದ್ದು ಎರಡು ಸೆಂಟಿಮೀಟರ್ ಮಾತ್ರ, ನಾಳಕ್ಕೆ ಇಳಿದಿರಲಿಲ್ಲ, ಕಸಿಗೆ ತಕ್ಕ ಮನುಷ್ಯನನ್ನೇ ಆರಿಸಿದ್ದೇವೆ ಎಂದು ದೊಡ್ಡ ಡಾಕ್ಟರು ಹೇಳಿದರು. ಬದುಕಿನಲ್ಲಿ ಯಾವ ಪರೀಕ್ಷೆಯಲ್ಲೂ ಪಾಸಾಗದವನು ಇದರಲ್ಲಿ ಪಾಸಾದೆ.

ಅಕ್ಕ ಸೆಪ್ಟೆಂಬರಿನಲ್ಲಿ ಒಂದು ಭಾನುವಾರ ಬೆಳಿಗ್ಗೆ ಎಲ್ಲಿಗೋ ಬಸ್ಸಿನಲ್ಲಿ ಹೋಗಿ ಸಂಜೆ ಬಂದಳು. ಎಲ್ಲಿಗೆ ಎಂದರೆ ಹೇಳಲಿಲ್ಲ. ಕಣ್ಣು ಊದಿತ್ತು, ಮುಖ ಮಾತ್ರ ಹಗುರಾಗಿತ್ತು. ನಿನಗೆ ಗೊತ್ತಿರಬೇಕು, ನಾನು ಕೇಳುವುದಿಲ್ಲ.

ಈ ಕಾಗದ ಬರೆದದ್ದು ಇನ್ನೊಂದು ವಿಷಯಕ್ಕೆ. ಅಕ್ಕ ಇದನ್ನು ನಿನಗೆ ಹೇಳುವವಳಲ್ಲ. ನಾನು ಆಪರೇಷನ್ ಕೋಣೆಯಲ್ಲಿದ್ದಾಗ ನಡೆದದ್ದು. ಬೋರ್ಡಿನ ವಿಷಯಕ್ಕೆ ನನ್ನನ್ನು ಗದರುತ್ತಿದ್ದ ಆ ನರ್ಸಮ್ಮ ಹೇಳಿದರು.

ಅಕ್ಕ ಹೊರಗಿನ ಬೆಂಚಿನ ಮುಂದೆ ಒಂಬತ್ತು ಗಂಟೆ ಓಡಾಡಿದಳಂತೆ, ಕೂರಲು ಜಾಗವಿರಲಿಲ್ಲ. ಬೆಂಚಿನಲ್ಲಿ ಒಬ್ಬಾಕೆ ಇದ್ದರು, ಬಸ್ ಡ್ರೈವರೊಬ್ಬರ ಹೆಂಡತಿ. ಅವರ ಯಜಮಾನರಿಗೂ ನನ್ನದೇ ಕಾಯಿಲೆ, ಆಮೇಲಿನ ಗುರುವಾರ ಸಮಿತಿಯ ಮುಂದೆ ಹೋಗಬೇಕಿತ್ತು. ಆಕೆ ಪಕ್ಕದವರ ಹತ್ತಿರ, ಒಳಗೆ ಯಾರು ಹೇಗೆ ಅಳೆಯುತ್ತಾರೋ ಯಾರು ಕಂಡರು, ಅವರವರ ಕಡೆಯವರಿಗೆ ಅವರವರು ಬೇಕಾದ ಹಾಗೆ ಬರೆದುಕೊಳ್ಳುತ್ತಾರೆ, ನಮ್ಮಂಥವರ ಗತಿ ಏನು ಎಂದು ಅಕ್ಕನ ಕಿವಿಗೂ ಬೀಳುವಷ್ಟು ಗಟ್ಟಿಯಾಗಿ ಹೇಳಿಕೊಂಡು ಕಣ್ಣೀರು ಹಾಕುತ್ತಿದ್ದರಂತೆ.

ಅಕ್ಕ ನಡೆಯುವುದನ್ನು ನಿಲ್ಲಿಸಿ ಆಕೆಯ ಎದುರಿಗೆ ಬಂದು ನಿಂತಳಂತೆ. ಅವಳ ಗಂಟಲು ನಿನಗೆ ಗೊತ್ತೇ ಇದೆ, ಲಿಫ್ಟಿನ ಹತ್ತಿರ ನಿಂತವರೂ ತಿರುಗಿ ನೋಡಿದರಂತೆ.

"ಅಳ್ಬೇಡಮ್ಮಾ, ಇಲ್ಲಿ ಹಾಗೆಲ್ಲ ಆಗಲ್ಲ," ಎಂದಳಂತೆ. "ಒಳಗೆ ಇರೋನು ನನ್ನ ತಮ್ಮ. ಅವನ ಅಳತೆ ತಪ್ಪಾಗಿತ್ತು. ಯಾರೂ ಕೇಳ್ದೆ ಇದ್ರೂ, ಅಳೆದ ಡಾಕ್ಟ್ರಮ್ಮನೇ ಎಲ್ಲರ ಮುಂದೆ ಎದ್ದು ನಿಂತು, ತಪ್ಪು ನಂದು ಅಂದ್ಳು. ಅವಳ ತಾಯಿ ನಾನು."

ಆಕೆ ಕಣ್ಣೊರೆಸಿಕೊಂಡು ಸ್ವಲ್ಪ ಸರಿದು ಕೂತು, ಪಕ್ಕದಲ್ಲಿ ಅಕ್ಕನಿಗೆ ಜಾಗ ಮಾಡಿಕೊಟ್ಟರಂತೆ.

ನಿನ್ನ ಮಾವ